ಮರೆತುಬಿಟ್ಟ ಆಸ್ಟ್ರೇಲಿಯನ್ನರು

ಅನಾಥಾಲಯ, ಸರ್ಕಾರಿ ಬಾಲಮಂದಿರ, ಚರ್ಚಿನ ವಸತಿಗೃಹ, ಸಾಕುಮನೆಗಳಲ್ಲಿ ಬೆಳೆದ ಆಸ್ಟ್ರೇಲಿಯನ್ನರಿಗೆ ರೂಢಿಗೆ ಬಂದ ಹೆಸರು. 2004ರ ಸೆನೆಟ್ ಸಮಿತಿಯ ವರದಿಯ ಶೀರ್ಷಿಕೆಯೂ ಇದೇ. 20ನೆಯ ಶತಮಾನದಲ್ಲಿ ಐದು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳು ಹೀಗೆ ಬೆಳೆದರೆಂದು ಆ ಸಮಿತಿ ಅಂದಾಜಿಸಿತು. ಈ ಮಕ್ಕಳ ಇತಿಹಾಸದ ಬರವಣಿಗೆಗೆ ದಾರಿ ಮಾಡಿದವರು ಬಹುಮಟ್ಟಿಗೆ ಅಲ್ಲಿ ಬೆಳೆದವರೇ.

ಹಿನ್ನೆಲೆ: ಅನಾಥರೆಂದು ಕರೆಸಿಕೊಂಡರೂ ಇವರಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಬಡತನ, ಕಾಯಿಲೆ, ಸಂಸಾರ ಮುರಿದುಬಿದ್ದದ್ದು ಮಕ್ಕಳನ್ನು ಸಂಸ್ಥೆಗಳಿಗೆ ತಳ್ಳಿದವು. ಮದುವೆಯಾಗದ ತಾಯಂದಿರಿಗೆ ಕೇಂದ್ರ ಸರ್ಕಾರದ ಮಾಸಾಶನ ದೊರೆತದ್ದು 1973ರಲ್ಲಿ. ಬುಡಕಟ್ಟು ಕುಟುಂಬಗಳಿಂದ ಕಿತ್ತೊಯ್ದ ಮಕ್ಕಳು ಮತ್ತು ಬ್ರಿಟನ್, ಮಾಲ್ಟಾಗಳಿಂದ ಹಡಗಿನಲ್ಲಿ ತಂದ ವಲಸೆ ಮಕ್ಕಳ ಬಗ್ಗೆ ಕ್ರಮವಾಗಿ 1997 ಮತ್ತು 2001ರಲ್ಲಿ ಪ್ರತ್ಯೇಕ ವರದಿಗಳು ಬಂದಿದ್ದವು.

ಆಕರಗಳು: ಮುಖ್ಯ ಆಕರ ಸಂಸ್ಥೆ ಇಟ್ಟ ಕಡತ. ಸೇರಿದ ದಿನ, ವರ್ಗಾವಣೆ, ನಡತೆ ಕುರಿತ ಒಂದೆರಡು ಸಾಲು ಅದರಲ್ಲಿರುತ್ತವೆ. ಮಗುವಿನ ಮಾತು ಇರುವುದು ಅಪರೂಪ. ವಿಕ್ಟೋರಿಯದಂಥ ರಾಜ್ಯಗಳಲ್ಲಿ ಹಸುಗೂಸುಗಳನ್ನೂ ‘ನಿರ್ಲಕ್ಷಿತ’ ಎಂಬ ಆಪಾದನೆಯಡಿ ನ್ಯಾಯಾಲಯಕ್ಕೆ ತಂದಿದ್ದರಿಂದ ಆಸರೆ ಬೇಕಿದ್ದ ಮಗು ದಾಖಲೆಯಲ್ಲಿ ಅಪರಾಧಿಯಂತೆ ಕಾಣುತ್ತದೆ. ದಶಕಗಳ ಮೇಲೆ ಕಡತ ಕೇಳಿ ಪಡೆದವರಿಗೆ ಬಂದ ಪ್ರತಿಗಳಲ್ಲಿ ಅನ್ಯರ ಗೋಪ್ಯತೆಯ ಹೆಸರಿನಲ್ಲಿ ಸ್ವಂತ ಒಡಹುಟ್ಟಿದವರ ಹೆಸರಿಗೂ ಮಸಿ ಬಳಿದಿದ್ದುಂಟು. ತಾಯಿ ಕೈಬಿಟ್ಟಳೆಂದು ಕೇಳುತ್ತಲೇ ಬೆಳೆದವರಿಗೆ, ಅವಳು ಬರೆದ, ತಮ್ಮ ಕೈಗೆಂದೂ ತಲುಪದ ಕಾಗದಗಳು ಅದೇ ಕಡತದಲ್ಲಿ ಸಿಕ್ಕಿದ ನಿದರ್ಶನಗಳೂ ಇವೆ.

ಇತಿಹಾಸ ರಚನೆ: 1986ರಲ್ಲಿ ನಾಟಿಂಗ್‌ಹ್ಯಾಮಿನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್ ಅವರಿಗೆ ಆಸ್ಟ್ರೇಲಿಯದ ಮಹಿಳೆಯೊಬ್ಬರು ಬರೆದ ಪತ್ರ ವಲಸೆ ಮಕ್ಕಳ ಕಥೆಯನ್ನು ಬಯಲಿಗೆ ತಂದಿತು. ಸಂಸ್ಥೆಗಳಲ್ಲಿ ಬೆಳೆದ ಜೊವಾನಾ ಪೆಂಗ್ಲೇಸ್ ಮತ್ತು ಲಿಯೋನಿ ಶೀಡಿ 2000ದಲ್ಲಿ ‘ಕ್ಲಾನ್’ ಸಂಘಟನೆ ಕಟ್ಟಿದರು. ಪೆಂಗ್ಲೇಸ್ ಅವರ ‘ಆರ್ಫನ್ಸ್ ಆಫ್ ದಿ ಲಿವಿಂಗ್’ (2005) ಈ ವಿಷಯದ ಪ್ರಮುಖ ಗ್ರಂಥ. ‘ಪಾಲನೆ’ ಎಂಬರ್ಥದ ಪದವನ್ನು ಅದರ ಉಪಶೀರ್ಷಿಕೆ ಉದ್ಧರಣ ಚಿಹ್ನೆಯೊಳಗಿಟ್ಟು ಪ್ರಶ್ನಿಸುತ್ತದೆ. 2009ರ ನವೆಂಬರ್ 16ರಂದು ಪ್ರಧಾನಿ ಕೆವಿನ್ ರಡ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. ಆ ಬಳಿಕ ರಾಷ್ಟ್ರೀಯ ಗ್ರಂಥಾಲಯ ಮೌಖಿಕ ಇತಿಹಾಸ ಸಂಗ್ರಹಿಸಿತು. ಯಾವ ಸಂಸ್ಥೆಯ ದಾಖಲೆ ಎಲ್ಲಿದೆಯೆಂದು ತೋರಿಸುವ ‘ಫೈಂಡ್ ಆ್ಯಂಡ್ ಕನೆಕ್ಟ್’ ಜಾಲತಾಣವೂ, ‘ಇನ್‌ಸೈಡ್’ ವಸ್ತುಪ್ರದರ್ಶನವೂ 2011ರಲ್ಲಿ ತೆರೆದವು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕುರಿತ ರಾಯಲ್ ಕಮಿಷನ್ (2013–17) ಸಾವಿರಾರು ಸಾಕ್ಷ್ಯಗಳನ್ನು ಆಲಿಸಿತು. ಪರಿಹಾರ ಯೋಜನೆ 2018ರ ಜುಲೈ 1ರಿಂದ ಜಾರಿಗೆ ಬಂತು.

ವಿಧಾನ: ಕಡತವನ್ನು ಬರೆದವರು ಯಾರು, ಯಾರಿಗಾಗಿ ಬರೆದರು ಎಂದು ಕೇಳಿಕೊಂಡೇ ಅದನ್ನು ಓದುವುದು ಇಲ್ಲಿನ ಮೊದಲ ಪಾಠ. ನೆನಪಿನಲ್ಲಿ ಇಸವಿ ತಪ್ಪಬಹುದು. ಆದರೆ ಶಿಕ್ಷೆ, ಹಸಿವು, ಅಂಗಿಗೆ ಹೊಲಿದ ಸಂಖ್ಯೆಯಂಥ ನಿತ್ಯದ ಸಂಗತಿಗಳಿಗೆ ಅದೇ ಆಧಾರ. ತನ್ನ ಕಡತಕ್ಕೆ ತನ್ನದೇ ಟಿಪ್ಪಣಿ ಸೇರಿಸುವ ಹಕ್ಕಿಗಾಗಿ ಸಂಸ್ಥೆಗಳಲ್ಲಿ ಬೆಳೆದವರು ಒತ್ತಾಯಿಸುತ್ತ ಬಂದಿದ್ದಾರೆ.