ಹಳೆಯ ಧ್ವನಿವರ್ಧಕಗಳ ಜೀರ್ಣೋದ್ಧಾರ: ಚರಿತ್ರೆಯ ಆಕರವಾಗಿ 1957ರ ಕ್ವಾಡ್

ಕನ್ನಡದಲ್ಲಿ 'ಧ್ವನಿವರ್ಧಕ'ವೆಂಬ ಮಾತು ಎರಡು ಬೇರೆ ಬೇರೆ ಯಂತ್ರಗಳಿಗೆ ಸಲ್ಲುತ್ತ ಬಂದಿದೆ. ವಿದ್ಯುತ್ ಸಂಕೇತವನ್ನು ಬಲಪಡಿಸುವ ಆಂಪ್ಲಿಫಯರನ್ನೂ, ಆ ಸಂಕೇತವನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವ ಸ್ಪೀಕರನ್ನೂ ಜನರು ಒಂದೇ ಹೆಸರಿನಿಂದ ಕರೆಯುತ್ತಾರೆ. ಜಾತ್ರೆಗೂ ಮದುವೆಯ ಚಪ್ಪರಕ್ಕೂ ಇವೆರಡು ಒಂದೇ ಗಾಡಿಯಲ್ಲಿ ಬಂದಿಳಿಯುತ್ತಿದ್ದುದರಿಂದ ಹೆಸರಿನಲ್ಲಿ ಭೇದವೆಣಿಸುವ ಅಗತ್ಯ ಯಾರಿಗೂ ತೋರಲಿಲ್ಲ. ಪ್ರಕೃತ ಲೇಖನದಲ್ಲಿ ಸ್ಪಷ್ಟತೆಗಾಗಿ ಸ್ಪೀಕರನ್ನು ಮಾತ್ರ ನಾವು ಧ್ವನಿವರ್ಧಕವೆಂದು ಕರೆಯುತ್ತೇವೆ. ಆದರೂ ಜನರ ಆ ಸಡಿಲ ಬಳಕೆಯಲ್ಲಿಯೇ ಹೆಚ್ಚಿನ ವಿವೇಕವಿದೆಯೆಂದು ನಮಗೆ ಈಚೆಗೆ ಮನವರಿಕೆಯಾಗಿದೆ. ಅದಕ್ಕೆ ಕಾರಣವಾದ ನಮ್ಮದೇ ತಪ್ಪೊಂದನ್ನು ಮೊದಲು ಹೇಳಬೇಕು.

ಮೈಸೂರಿನ ಸಂಗ್ರಾಹಕರೊಬ್ಬರು ಜೀರ್ಣೋದ್ಧಾರ ಮಾಡಿಸಿದ ಒಂದು ಜೊತೆ ಕ್ವಾಡ್ ಧ್ವನಿವರ್ಧಕಗಳನ್ನು ಅವರ ಮನೆಯಲ್ಲಿ ನಾವು ಕೇಳಿದೆವು. ತಾರಸ್ಥಾಯಿ ಬಹಳ ತೀಕ್ಷ್ಣವಾಗಿಯೂ ಮಂದ್ರಸ್ಥಾಯಿ ಬಡವಾಗಿಯೂ ಕೇಳಿಸಿತು. 1950ರ ದಶಕದ ಇಂಗ್ಲೆಂಡಿನ ಶ್ರೋತೃಗಳು ಇಂತಹ ನಾದವನ್ನೇ ಮೆಚ್ಚುತ್ತಿದ್ದರೆಂದು ನಾವು ತರಗತಿಯಲ್ಲಿ ಹೇಳಿದ್ದೂ ಉಂಟು. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತೇವೆ. ಅಂದು ನಾವು ಕೇಳಿದ್ದು 1957ರ ನಾದವಲ್ಲ.

ಆಧುನಿಕ ಧ್ವನಿವರ್ಧಕದ ಚರಿತ್ರೆ ಆರಂಭವಾಗುವುದೇ ಈ ಎರಡು ಯಂತ್ರಗಳ ಸಹವಾಸದಿಂದ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಂಜಿನಿಯರುಗಳು ಕೊಂಬಿನ ಸಹಾಯವಿಲ್ಲದೆ, ಕಾಗದದ ಶಂಕುವನ್ನು ಕಾಂತಕ್ಷೇತ್ರದಲ್ಲಿರುವ ತಂತಿಯ ಸುರುಳಿಯಿಂದ ಅಲುಗಿಸುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಮರುವರ್ಷ ರೇಡಿಯೋಲ 104 ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂದಾಗ ಸುಮಾರು 1 ವಾಟಿನ ಆಂಪ್ಲಿಫಯರು ಅದೇ ಪೆಟ್ಟಿಗೆಯೊಳಗೇ ಇದ್ದಿತು. ಇವೆರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಂಡು ತಂದು ಕೂಡಿಸುವ ಪದ್ಧತಿ ಬಳಕೆಗೆ ಬಂದದ್ದು ಅನಂತರ.

ಇಂಗ್ಲೆಂಡಿನ ಪೀಟರ್ ವಾಕರ್ 1936ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಯುದ್ಧಕಾಲದ ಬಾಂಬು ದಾಳಿಯ ತರುವಾಯ 1941ರಲ್ಲಿ ಹಂಟಿಂಗ್ಡನ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. 1953ರಲ್ಲಿ ಕ್ವಾಡ್ 2 ಎಂಬ 15 ವಾಟಿನ ವಾಲ್ವ್ ಆಂಪ್ಲಿಫಯರನ್ನೂ, 1957ರಲ್ಲಿ ಸ್ಥಿರವಿದ್ಯುತ್ ಧ್ವನಿವರ್ಧಕವನ್ನೂ ಅದು ಮಾರುಕಟ್ಟೆಗೆ ತಂದಿತು. ಈ ಧ್ವನಿವರ್ಧಕದಲ್ಲಿ ಕಾಂತವಿಲ್ಲ, ಶಂಕುವಿಲ್ಲ, ಪೆಟ್ಟಿಗೆಯೂ ಇಲ್ಲ. ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಅತ್ಯಂತ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಮಂದ್ರದ ಪೊರೆಗಳಿಗೆ ಸುಮಾರು 6,000 ವೋಲ್ಟ್, ನಡುವಣ ತಾರದ ಪೊರೆಗೆ ಸುಮಾರು 1,500 ವೋಲ್ಟ್ ವಿದ್ಯುತ್ತನ್ನು ಸದಾ ಊಡಬೇಕು. ಸಂಗೀತದ ಸಂಕೇತವು ಫಲಕಗಳಿಗೆ ಹೋಗುತ್ತದೆ. ಫಲಕಗಳ ಆಕರ್ಷಣೆ ವಿಕರ್ಷಣೆಗಳಿಂದ ಪೊರೆ ಅದುರುತ್ತದೆ. ಇದರ ತತ್ತ್ವವನ್ನು ವಾಕರ್ 1955ರಲ್ಲಿಯೇ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯ ಲೇಖನಗಳಲ್ಲಿ ವಿವರಿಸಿದ್ದರು. 1985ರವರೆಗೂ ಇದರ ತಯಾರಿಕೆ ನಡೆಯಿತು.

ಕಾಂತ ಮತ್ತು ಶಂಕುಗಳಿಂದಾದ ಸಾಮಾನ್ಯ ಧ್ವನಿವರ್ಧಕಗಳ ಮುಪ್ಪು ಬೇರೆ ಬಗೆಯದು. ಶಂಕುವಿನ ಅಂಚಿಗೆ ಪಾಲಿಯುರಿಥೇನ್ ಸ್ಪಂಜನ್ನು ಅಂಟಿಸಿದ್ದಲ್ಲಿ ಕೆಲವು ದಶಕಗಳಲ್ಲಿ ಅದು ಪುಡಿಪುಡಿಯಾಗುತ್ತದೆ; ಹೊಸ ಅಂಚನ್ನು ಅಂಟಿಸಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಕಾಂತಗಳ ಭೇದವನ್ನು ಮಾತ್ರ ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. 1978ರಲ್ಲಿ ಆಫ್ರಿಕದ ಜಾಯಿರೆ ದೇಶದ ಶಾಬಾ ಪ್ರಾಂತ್ಯದಲ್ಲಿ ಕದನ ನಡೆದು ಕೋಬಾಲ್ಟಿನ ಬೆಲೆ ವಿಪರೀತವಾಗಿ ಏರಿತು. ಕೋಬಾಲ್ಟನ್ನೊಳಗೊಂಡ ಆಲ್ನಿಕೊ ಕಾಂತವನ್ನು ತೊರೆದು ತಯಾರಕರು ಅನೇಕರು ಫೆರೈಟ್ ಕಾಂತಕ್ಕೆ ತಿರುಗಿದರು. ದೂರದ ಗಣಿಯೊಂದರ ಕಲಹವು ಲಂಡನ್ನಿನ ಬೈಠಕ್‌ಖಾನೆಯ ಪೆಟ್ಟಿಗೆಯಲ್ಲಿ ಹೀಗೆ ಗುರುತು ಬಿಟ್ಟಿದೆ.

ಕ್ವಾಡಿನ ಮುಪ್ಪು ಇದಕ್ಕಿಂತ ಸೂಕ್ಷ್ಮ. ವಿದ್ಯುದಾವಿಷ್ಟವಾದ ಪೊರೆ ಧೂಳನ್ನು ತನ್ನತ್ತ ಸೆಳೆಯುತ್ತದೆ. ತೇವವು ಆ ವಿದ್ಯುತ್ತನ್ನು ಸೋರಗೊಡುತ್ತದೆ. ವೋಲ್ಟೇಜನ್ನು ಏರಿಸಿಕೊಡುವ ಘಟಕವು ವರ್ಷಗಳು ಕಳೆದಂತೆ ದುರ್ಬಲವಾಗುತ್ತದೆ. ಕೇಳುವವನಿಗೆ ಒಂದು ಬದಿಯ ದನಿ ಮೆಲ್ಲಗೆ ಕುಗ್ಗಿದುದು ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ. ರಿಪೇರಿ ಮಾಡುವವರು ಹಳೆಯ ಪೊರೆಯನ್ನು ಕಿತ್ತು ಹೊಸತನ್ನು ಎಳೆದು ಕಟ್ಟಿ, ವಿದ್ಯುತ್ ಹರಿಯಲೆಂದು ತೆಳುವಾದ ಲೇಪವೊಂದನ್ನು ಬಳಿಯುತ್ತಾರೆ. ಆ ಬಿಗಿ, ಆ ಲೇಪ ಮೂಲದಂತೆಯೇ ಇವೆಯೆಂದು ಹೇಳಲು ಹೋಲಿಕೆಗೆ ಮೂಲವೇ ಉಳಿದಿರುವುದಿಲ್ಲ. ದೇವಾಲಯದ ಜೀರ್ಣೋದ್ಧಾರದಲ್ಲಿ ಶಾಸನದ ಮೇಲೆ ಸುಣ್ಣ ಬಳಿದುದನ್ನು ಕಂಡವರಿಗೆ ಈ ಸಂಕಟ ಹೊಸದಲ್ಲ.

ಇನ್ನು ಆಂಪ್ಲಿಫಯರಿನ ವಿಷಯ. ನಮ್ಮ ತಪ್ಪಿನ ಬೇರು ಇಲ್ಲಿಯೇ ಇದ್ದಿತು. ಧ್ವನಿವರ್ಧಕವು ತನ್ನೊಳಗೆ ಹರಿಯುವ ಸಂಕೇತಕ್ಕೆ ಒಡ್ಡುವ ತಡೆ ಎಲ್ಲ ಸ್ಥಾಯಿಗಳಲ್ಲಿಯೂ ಸಮನಾಗಿರುವುದಿಲ್ಲ. ಕ್ವಾಡಿನಲ್ಲಿ ಈ ವ್ಯತ್ಯಾಸ ಅತಿಯಾಗಿದೆ: ಮಂದ್ರದಲ್ಲಿ 30 ಓಮಿನಷ್ಟು ಮೇಲೇರುವ ತಡೆ, ತಾರದ ತುದಿಯಲ್ಲಿ 2 ಓಮಿನ ಆಸುಪಾಸಿಗೆ ಇಳಿಯುತ್ತದೆ. ವಾಲ್ವ್ ಆಂಪ್ಲಿಫಯರಿಗೆ ತನ್ನದೇ ಆದ ಒಳತಡೆ ಸ್ವಲ್ಪ ಇರುತ್ತದೆ. ಧ್ವನಿವರ್ಧಕದ ತಡೆ ಇಳಿದೆಡೆಯಲ್ಲಿ ಸಂಕೇತದ ಒಂದಂಶ ಈ ಒಳತಡೆಯಲ್ಲಿಯೇ ಕಳೆದುಹೋಗಿ ತಾರಸ್ಥಾಯಿ ತುಸು ಮೃದುವಾಗುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫಯರಿನ ಒಳತಡೆಯಾದರೋ ಶೂನ್ಯಕ್ಕೆ ಸಮೀಪ. ತಾರಸ್ಥಾಯಿ ಪೂರ್ಣ ಬಲದಿಂದ ಹೊರಬೀಳುತ್ತದೆ. ಮೈಸೂರಿನಲ್ಲಿ ನಾವು ಮೊದಲು ಕೇಳಿದ್ದು ಇತ್ತೀಚಿನ ಟ್ರಾನ್ಸಿಸ್ಟರ್ ಯಂತ್ರವೊಂದರೊಡನೆ. ಆ ತೀಕ್ಷ್ಣತೆಯಲ್ಲಿ ಯಂತ್ರದ ಪಾಲೆಷ್ಟೆಂದು ಕೇಳದೆಯೇ ನಾವು ಇಡೀ ಒಂದು ಪೀಳಿಗೆಯ ರುಚಿಯ ಮೇಲೆ ತೀರ್ಪು ಕೊಟ್ಟಿದ್ದೆವು!

ಬಲದ ಪ್ರಶ್ನೆಯೂ ಉಂಟು. ಸುಮಾರು 33 ವೋಲ್ಟಿನ ಶಿಖರವನ್ನು ಮೀರಿದ ಸಂಕೇತ ಹೊಕ್ಕರೆ ಫಲಕ ಪೊರೆಗಳ ನಡುವೆ ಕಿಡಿ ಹಾರಿ ಪೊರೆ ತೂತಾಗುವ ಅಪಾಯವಿದೆ. 15 ವಾಟಿನ ಕ್ವಾಡ್ 2ರ ಕಾಲದಲ್ಲಿ ಇದು ದೊಡ್ಡ ಚಿಂತೆಯಾಗಿರಲಿಲ್ಲ. ಅದೇ ಕಂಪನಿ 1975ರಲ್ಲಿ 100 ವಾಟಿನ ಕ್ವಾಡ್ 405ನ್ನು ತಂದಾಗ, ಹಳೆಯ ಧ್ವನಿವರ್ಧಕದೊಡನೆ ಕೂಡಿಸುವವರಿಗಾಗಿ ವೋಲ್ಟೇಜನ್ನು ಮಿತಗೊಳಿಸುವ ಏರ್ಪಾಡು ಬೇಕಾಯಿತು.

ಹಾಗೆಂದು ಕ್ವಾಡ್ 2ನ್ನು ಜೋಡಿಸಿದ ಮಾತ್ರಕ್ಕೆ 1957 ಮರಳಿ ಬರುವುದಿಲ್ಲ. ಅದರಲ್ಲಿನ ಕೆ.ಟಿ. 66 ವಾಲ್ವುಗಳನ್ನು ಮಾಡುತ್ತಿದ್ದ ಇಂಗ್ಲೆಂಡಿನ ಕಾರ್ಖಾನೆ 1988ರಲ್ಲಿ ಮುಚ್ಚಿತು. ಈಗ ದೊರೆಯುವ ಹೊಸ ವಾಲ್ವುಗಳು ಚೀನ, ರಷ್ಯ ಮೊದಲಾದ ದೇಶಗಳಿಂದ ಬಂದವು. 'ಒಂದು ಜೊತೆ' ಎಂಬುದೂ ಸಂಶಯಾಸ್ಪದವೇ. 1957ರಲ್ಲಿ ಮನೆಗಳಲ್ಲಿ ಸ್ಟೀರಿಯೋ ಇನ್ನೂ ನೆಲೆಯೂರಿರಲಿಲ್ಲ. ಒಂದನ್ನೇ ಕೊಂಡವರು ಅನಂತರ ಎರಡನೆಯದನ್ನು ಸೇರಿಸಿಕೊಂಡರು. ಮೈಸೂರಿನ ಜೊತೆಯ ಕ್ರಮಸಂಖ್ಯೆಗಳು ಒಂದಕ್ಕೊಂದು ಬಹು ದೂರ.

ಪೀಠದ ವಿಷಯದಲ್ಲಿ ಸಂಗ್ರಾಹಕರಲ್ಲಿಯೇ ಒಮ್ಮತವಿಲ್ಲ. ಕ್ವಾಡ್ ಕಾರ್ಖಾನೆಯಿಂದ ಬಂದದ್ದು ಗಿಡ್ಡನೆಯ ಮರದ ಕಾಲುಗಳ ಮೇಲೆ, ತುಸು ಹಿಂದಕ್ಕೆ ವಾಲಿಕೊಂಡು. ನೆಲದ ಸಾಮೀಪ್ಯವು ಮಂದ್ರಕ್ಕೆ ಆಸರೆಯಾಗಿತ್ತು. ಇಂದು ಅನೇಕರು ಅದನ್ನು ಉಕ್ಕಿನ ಸ್ಟ್ಯಾಂಡಿನ ಮೇಲೇರಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಹಾಡುಗಾರರ ಕಂಠ ನಿಚ್ಚಳವಾಗುತ್ತದೆ, ಮಂದ್ರ ಇಳಿಯುತ್ತದೆ. ಬಿ.ಬಿ.ಸಿ. 1970ರ ದಶಕದಲ್ಲಿ ಹೊರಪ್ರಸಾರದ ವ್ಯಾನುಗಳ ಇಕ್ಕಟ್ಟಿಗಾಗಿ ರೂಪಿಸಿದ ಎಲ್.ಎಸ್. 3/5ಎ ಎಂಬ ಪುಟ್ಟ ಧ್ವನಿವರ್ಧಕದ ಪರಿಸ್ಥಿತಿ ಬೇರೆ. ಅದಕ್ಕೆ ಮೂಲಪೀಠವೆಂಬುದೇ ಇರಲಿಲ್ಲ. ಮನೆಗೆ ಬಂದ ಮೇಲೆ ಎರಡಡಿಯ ಸ್ಟ್ಯಾಂಡು ರೂಢಿಯಾಯಿತು. ಅಲ್ಲಿ ಸ್ಟ್ಯಾಂಡು ಟೀಕಾಕಾರನ ವ್ಯಾಖ್ಯಾನವಾದರೆ, ಕ್ವಾಡಿನಲ್ಲಿ ಅದು ಮೂಲಪಾಠದ ತಿದ್ದುಪಡಿ. ತಿದ್ದಬಾರದೆಂದು ನಾವು ಹೇಳುವುದಿಲ್ಲ. ಕೇಳಲು ಹಿತವಾದುದನ್ನು ಆರಿಸಿಕೊಳ್ಳುವ ಹಕ್ಕು ಮನೆಯ ಯಜಮಾನರದು. ಆದರೆ ಆ ನಾದವನ್ನು ಸಾಕ್ಷ್ಯವಾಗಿ ಬಳಸುವವನು ಪೊರೆ, ಆಂಪ್ಲಿಫಯರು, ಪೀಠ ಮೂರರಲ್ಲಿ ಮೂಲವಾವುದು, ಪ್ರಕ್ಷಿಪ್ತವಾವುದೆಂದು ಮೊದಲು ವಿಚಾರಿಸಬೇಕು, ನಾವು ವಿಚಾರಿಸಲಿಲ್ಲ.

ವರ್ಷದ ಬಳಿಕ ಅದೇ ಮನೆಯಲ್ಲಿ, ಎರವಲು ತಂದ ಎರಡು ಕ್ವಾಡ್ 2 ಯಂತ್ರಗಳೊಡನೆ, ಮೂಲ ಕಾಲುಗಳ ಮೇಲೆ ನಿಂತ ಅವೇ ಧ್ವನಿವರ್ಧಕಗಳನ್ನು ಮತ್ತೆ ಕೇಳಿದೆವು. ತೀಕ್ಷ್ಣತೆ ಬಹುಪಾಲು ಅಡಗಿತ್ತು, ಮಂದ್ರ ಮೈತುಂಬಿಕೊಂಡಿತ್ತು. ಆದರೂ ಎಡಗಡೆಯದು ಬಲಗಡೆಯದಕ್ಕಿಂತ ತುಸು ಹೊಳಪಾಗಿಯೇ ಕೇಳಿಸಿತು. ಅದರ ನಡುವಣ ಪೊರೆ ಹೊಸದು, ಬಲಗಡೆಯದು ಹಳೆಯದೇ ಎಂದು ಯಜಮಾನರು ತಿಳಿಸಿದರು. ಎಡಗಡೆಯಿಂದ ತೆಗೆದ ಹಳೆಯ ತಾರಫಲಕವನ್ನು ಅವರು ಬಿಸಾಡಿಲ್ಲ. ಬಟ್ಟೆಯಲ್ಲಿ ಸುತ್ತಿ, ತೆಗೆದ ದಿನಾಂಕವನ್ನು ಬರೆದ ಚೀಟಿಯೊಡನೆ ಬೀರುವಿನ ಮೇಲ್ಗಡೆ ಇಟ್ಟಿದ್ದಾರೆ.