ಅಂಕಿತದ ಉಳಿ, ಹೊಲದ ಮಿಣಿ

ವಚನಪರಂಪರೆಯ ಆರಂಭಕಾಲದ ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟಗಳು ಸೇರಿಕೊಂಡಿವೆ. ಈ ಅಂಕಿತದಿಂದ ವಿದ್ವಾಂಸರು ಬಹುಮಟ್ಟಿಗೆ ಭಕ್ತಿಯನ್ನಷ್ಟೇ ಹೆಕ್ಕಿಕೊಂಡಿದ್ದಾರೆ. ಆ ಉಪಕರಣಗಳ ಹಿಂದಿನ ತಿಳಿವಳಿಕೆ ಚರ್ಚೆಗೆ ಬಂದದ್ದು ಕಡಿಮೆ.

ನೊಗವನ್ನು ಬಿಗಿಯುವ ಮಿಣಿಯಾಗಲಿ, ಸೊಂಟಕ್ಕೆ ಕಟ್ಟುವ ಪಟ್ಟಿಯಾಗಲಿ, ಮೊದಲ ಪ್ರಶ್ನೆ ತೊಗಲಿನ ಯಾವ ಭಾಗ ಎಂಬುದೇ. ಬೆನ್ನಿನ ತೊಗಲು ದಟ್ಟವಾದುದು, ಎಳೆತಕ್ಕೆ ಸುಲಭವಾಗಿ ಜಗ್ಗದು. ಹೊಟ್ಟೆಯದು ಸಡಿಲವಾಗಿ ಹಿಗ್ಗುತ್ತದೆ. ಆದ್ದರಿಂದ ಭಾರ ಹೊರುವ ಬಾರನ್ನು ಬೆನ್ನೆಲುಬಿನ ನೇರಕ್ಕೆ ಸೀಳುವುದು ಕ್ರಮ. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿ ತೊಗಟೆಯ ರಸದಲ್ಲಿ ಹದಮಾಡಿದ ತೊಗಲು ಒದ್ದೆಯಿರುವಾಗ ಕೊಟ್ಟ ಆಕಾರವನ್ನು ಒಣಗಿದ ಮೇಲೂ ಉಳಿಸಿಕೊಳ್ಳುತ್ತದೆ. ಕತ್ತಿಯ ಒರೆ ರೂಪುಗೊಳ್ಳುವುದು ಈ ಗುಣದಿಂದಲೇ. ಕ್ರೋಮಿನಲ್ಲಿ ಹದಗೊಂಡ ಮೆದು ತೊಗಲಿನಲ್ಲಿ ಇದು ಅಷ್ಟಾಗಿ ಕಾಣದು. ಉಳಿಯ ರಂಧ್ರ ಅಂಚಿಗೆ ತೀರ ಸಮೀಪಿಸಿದರೆ ಹೊಲಿಗೆ ಕಿತ್ತುಬರುತ್ತದೆ.

ಇದನ್ನೆಲ್ಲ ಬಲ್ಲವರನ್ನು ಸಮಾಜ ಊರಾಚೆ ಇರಿಸಿತು. ಅವರು ಮಾಡಿದ ಮಿಣಿಯನ್ನು ಮಾತ್ರ ಊರೊಳಗೆ ಬಿಟ್ಟುಕೊಂಡಿತು. ಈ ವಿರೋಧಾಭಾಸವನ್ನು ಕೃಷಿಚರಿತ್ರೆ ಇನ್ನೂ ಸರಿಯಾಗಿ ಎದುರಿಸಿಲ್ಲ. ಟ್ರಾಕ್ಟರು, ನೈಲಾನ್ ಹಗ್ಗಗಳು ಬಂದ ಮೇಲೆ ಮಿಣಿ ಹಿಂದೆ ಸರಿದಿದೆ. ಅಡಿಗೂಂಟದ ಅರ್ಥಕ್ಕಾಗಿ ವಚನದ ಓದುಗ ಇಂದು ನಿಘಂಟನ್ನು ತೆರೆಯಬೇಕಾಗಿದೆ.