ಗಾಮದೇವಿಯ ಗೋಡೆ ಯಾರದು?

ಉಡುಪಿಯಿಂದ ಕುಂದಾಪುರದ ಕಡೆ ಹೊರಟವರಿಗೆ ಸಂತೆಕಟ್ಟೆ ದಾಟಿದ ಮೇಲೆ ಸ್ವರ್ಣಾ ನದಿಯ ಸೇತುವೆ ಸಿಗುತ್ತದೆ. ಅದರ ಈಚೆ ದಡದ ಊರು ಕಲ್ಯಾಣಪುರ. ಮುಂಬಯಿಯಲ್ಲಿ ಮಾತ್ರ ಇದು ಊರಿಗಿಂತ ಹೆಚ್ಚಾಗಿ ಮನೆತನದ ಹೆಸರು. ಗಾಯಕಿ ಸುಮನ್ ಕಲ್ಯಾಣಪುರ ಅವರಿಂದಾಗಿ ಅದನ್ನು ದೇಶವೆಲ್ಲ ಕೇಳಿದೆ. ಅವರ ತವರಿನ ಹೆಸರಾದ ಹೆಮ್ಮಾಡಿಯೂ ಕುಂದಾಪುರದ ಹತ್ತಿರದ ಊರೇ. ಬೆನಗಲ್, ಪಡುಕೋಣೆ, ಉದ್ಯಾವರ, ಬಸ್ರೂರು... ಚಿತ್ರಾಪುರ ಸಾರಸ್ವತರು ಘಟ್ಟದ ಕೆಳಗಿನ ಊರುಗಳನ್ನೆಲ್ಲ ಹೆಸರಿಗೆ ಕಟ್ಟಿಕೊಂಡೇ ಮುಂಬಯಿಗೆ ಹೋದರು. ಅಲ್ಲಿ ಅವರಿಗೆ ಇಲ್ಲದಿದ್ದದ್ದು ಮನೆ.

ಹೋದವರಲ್ಲಿ ಬಹಳ ಮಂದಿ ಇಂಗ್ಲಿಷ್ ಕಲಿತ ಗುಮಾಸ್ತರು. 1896ರ ಪ್ಲೇಗಿನ ಬಳಿಕ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಇಕ್ಕಟ್ಟಿನ ಕೇರಿಗಳನ್ನು ಕೆಡವಿ ಹೊಸ ರಸ್ತೆ ಹಾಕುವುದು ಅದರ ಕೆಲಸ. ಕೆಡವಿದಷ್ಟು ಬೇಗ ಮನೆ ಏಳಲಿಲ್ಲ. ಸಣ್ಣ ಸಂಬಳದವನಿಗೆ ಉಳಿದದ್ದು ಚಾಳಿನ ಒಂದೋ ಎರಡೋ ಕೋಣೆ, ಓಣಿಯ ಕೊನೆಗೆ ಎಲ್ಲರಿಗೂ ಸೇರಿದ ಪಾಯಿಖಾನೆ, ಮತ್ತು ಮನಸ್ಸು ಬಂದಾಗ ಬಾಡಿಗೆ ಏರಿಸುವ ಮಾಲಿಕ.

ಇಲ್ಲಿ ಬರುವ ಹೆಸರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರದು. ಗುರು ಶಾಮರಾವ್ ವಿಠಲ ಕಾಯ್ಕಿಣಿ ಅವರ ನೆನಪಿಗೆ 1906ರ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕ್ ಕಟ್ಟಿದವರು ಇವರೇ. 1904ರ ಸಹಕಾರಿ ಕಾಯಿದೆ ಸಾಲದ ಸಂಘಗಳಿಗಷ್ಟೇ ಅವಕಾಶ ಕೊಟ್ಟಿತ್ತು. 1912ರ ಕಾಯಿದೆ ಬೇರೆ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಮೂರೇ ವರ್ಷದಲ್ಲಿ, 1915ರಲ್ಲಿ, ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು.

ಇದು ದೇಶದಲ್ಲೇ ಮೊದಲನೆಯದು ಎಂಬ ಮಾತಿದೆ. 1909ರ ಬೆಂಗಳೂರು ಬಿಲ್ಡಿಂಗ್ ಸಹಕಾರ ಸಂಘವನ್ನು ನೆನೆಯುವವರು ಒಪ್ಪಲಾರರು. ಬೆಂಗಳೂರಿನವರಿಗೆ ಆ ಕೀರ್ತಿ ಬಿಟ್ಟುಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಗಾಮದೇವಿಯ ಸ್ವಾರಸ್ಯ ಬೇರೆಯೇ. ಇಲ್ಲಿ ಜನ ಮೊದಲು ಸಂಘವಾದರು, ಕಟ್ಟಡ ಆಮೇಲೆ ಬಂತು. ಇಂಗ್ಲೆಂಡಿನಲ್ಲಿ ಆಗ ಹೆಸರು ಮಾಡಿದ್ದ ‘ಬಾಡಿಗೆದಾರರ ಪಾಲುದಾರಿಕೆ’ ಇದರ ಮಾದರಿ. ಸದಸ್ಯ ಷೇರು ಕೊಳ್ಳುತ್ತಾನೆ. ಉಳಿದ ಹಣಕ್ಕೆ ಸಂಘ ಸಾಲ ಮಾಡುತ್ತದೆ. ತಿಂಗಳ ಬಾಡಿಗೆಯಿಂದ ಸಾಲ ತೀರುತ್ತದೆ. ನೆಲ, ಗೋಡೆ, ಮಾಡು ಎಲ್ಲ ಸಂಘದ್ದು. ಸದಸ್ಯ ತನಗೆ ತಾನೇ ಬಾಡಿಗೆದಾರ, ತನಗೆ ತಾನೇ ಮಾಲಿಕ! ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫಿನ್‌ಲೆಂಡಿನಿಂದ ವಲಸೆ ಬಂದ ಕಾರ್ಮಿಕರು ಇಂಥದೇ ಲಾಭರಹಿತ ವಸತಿ ಕಟ್ಟಿದ್ದು 1916ರಲ್ಲಿ, ನಮ್ಮವರಿಗಿಂತ ಒಂದು ವರ್ಷ ತಡವಾಗಿ.

ಈ ಏರ್ಪಾಟಿನ ಬೆಲೆ ತಿಳಿದದ್ದು ಎರಡನೆಯ ಮಹಾಯುದ್ಧದ ಬಳಿಕ. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ಕಟ್ಟಿಹಾಕಿತು. ಬಾಡಿಗೆ ಏರದಿದ್ದರೆ ಮಾಲಿಕ ರಿಪೇರಿ ಏಕೆ ಮಾಡಿಸಿಯಾನು? ಮಳೆಗಾಲದಲ್ಲಿ ಹಳೆಯ ಕಟ್ಟಡ ಕುಸಿಯುವುದು ಮುಂಬಯಿಗೆ ರೂಢಿಯಾಗಿಹೋಯಿತು. ಸಂಘದ ಕಟ್ಟಡಕ್ಕೆ ದೂರಲು ಬೇರೊಬ್ಬ ಮಾಲಿಕನಿರಲಿಲ್ಲ. ಸೋರಿದರೆ ಸಭೆ ಕರೆದು, ವಂತಿಗೆ ಎತ್ತಿ, ತಾವೇ ಸರಿಪಡಿಸಬೇಕಿತ್ತು.

ಇಂದು ಗಾಮದೇವಿ ಗುಮಾಸ್ತರ ಬಡಾವಣೆಯಲ್ಲ. ಗಾಂಧೀಜಿ ತಂಗುತ್ತಿದ್ದ ಮಣಿ ಭವನದ ಆಸುಪಾಸಿನಲ್ಲಿ ಚದರಡಿಯ ಬೆಲೆ ಕೇಳಿದರೆ ಊರಲ್ಲಿ ತೋಟ ಇದ್ದವರೂ ಬೆಚ್ಚಬೇಕು. ದಕ್ಷಿಣ ಮುಂಬಯಿಯ ಹಳೆಯ ಫ್ಲಾಟುಗಳನ್ನು ಕೊಂಡು, ನೆಲಕ್ಕೆ ಅಮೃತಶಿಲೆ ಹಾಸಿ, ಎರಡು ಕೋಣೆಯನ್ನು ಒಂದು ಮಾಡಿಸುವವರಿದ್ದಾರೆ. ಕೋಣೆ ಒಂದು ಮಾಡಲು ಗೋಡೆ ಒಡೆಯಬೇಕು, ಆ ಗೋಡೆ ಮೇಲಿನ ಮನೆಯನ್ನೂ ಹೊತ್ತಿರಬಹುದು. ಆದ್ದರಿಂದ ನವೀಕರಣಕ್ಕೆ ಸಂಘದ ಒಪ್ಪಿಗೆ ಬೇಕು. 30 ವರ್ಷ ದಾಟಿದ ಕಟ್ಟಡದ ಗಟ್ಟಿತನವನ್ನು ಇಂಜಿನಿಯರರಿಂದ ಪರೀಕ್ಷೆ ಮಾಡಿಸುವ ಹೊಣೆಯೂ ಸಂಘದ್ದೇ. ಕೋಟಿ ಸುರಿದವರಿಗೆ ಇದು ಕಿರಿಕಿರಿ ಎನಿಸುತ್ತದೆ.

ಅದಕ್ಕೆ ಕಾರಣವೂ ಇದೆ. ಮಹಾರಾಷ್ಟ್ರದ 1963ರ ಫ್ಲಾಟ್ ಕಾಯಿದೆಯ ಹೊತ್ತಿಗೆ ತಲ್ಮಕಿಯವರ ಕ್ರಮ ತಿರುಗುಮುರುಗಾಗಿತ್ತು. ಬಿಲ್ಡರ್ ಮೊದಲು ಕಟ್ಟುತ್ತಾನೆ, ಗುರುತಿಲ್ಲದವರು ಒಬ್ಬೊಬ್ಬರಾಗಿ ಕೊಳ್ಳುತ್ತಾರೆ, ಸಂಘ ಕೊನೆಗೆ ಹುಟ್ಟುತ್ತದೆ. ಉಡುಪಿ, ಮಣಿಪಾಲದ ಫ್ಲಾಟುಗಳಲ್ಲೂ ನೆರೆಯವರ ಪರಿಚಯವಾಗುವುದು ಹೆಚ್ಚಾಗಿ ನೀರಿನ ಜಗಳದಲ್ಲಿ.

ಗುರುತಿದ್ದವರೇ ಕೂಡಿ ಕಟ್ಟಿದ್ದಕ್ಕೆ ಇನ್ನೊಂದು ಮುಖವಿದೆ. ಗಾಮದೇವಿಯ ಸಂಘ ಒಂದೇ ಸಮುದಾಯದ್ದು. ಇದೇ ಕರಾವಳಿಯಿಂದ ಹಡಗು ಹತ್ತಿದ ಬಂಟರು, ಬಿಲ್ಲವರು, ಮೊಗವೀರರಿಗೆ ಅಲ್ಲಿ ಪಾಲಿರಲಿಲ್ಲ. ಹೋಟೆಲಿಗೆ ಸೇರಿದ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ, ಹೋಟೆಲಿನ ನೆಲದ ಮೇಲೆಯೇ ಮಲಗಿದರು. ಷೇರಿಗೆ ಹಣವೂ, ಸಾಲಕ್ಕೆ ತಮ್ಮವರ ಬ್ಯಾಂಕೂ ಇದ್ದವರಿಗೆ ಮಾತ್ರ ಒಲಿದ ಸಹಕಾರ ಅದು. ಒಂದು ಸಮುದಾಯಕ್ಕಷ್ಟೇ ಸದಸ್ಯತ್ವ ಕೊಡುವ ನಿಯಮ ಸರಿಯೇ ಎಂಬ ಪ್ರಶ್ನೆ ಅಹಮದಾಬಾದಿನ ಪಾರ್ಸಿ ಸಂಘವೊಂದರ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಸಹಕಾರಿ ಕಾಯಿದೆ ಅದನ್ನು ತಡೆಯುವುದಿಲ್ಲವೆಂದು 2005ರಲ್ಲಿ ಕೋರ್ಟು ಸಂಘದ ಪರವಾಗಿ ತೀರ್ಪಿತ್ತಿತು.